ವಿಲನ್: ಪದದ ಅರ್ಥ, ಬಳಕೆ, ಮೂಲ

ವಿಲನ್ ಎಂಬುದು ದುಷ್ಟ, ಕೇಡಿಗ, ಖಳ ಎಂಬ ಅರ್ಥದ ಇಂಗ್ಲಿಷ್ ಪದ. ಇದರ ಭಾವನಾಮ ವಿಲನಿ. ದುಷ್ಟತನ, ನೀಚ ಕೃತ್ಯ ಎಂದು ಅದರ ಅರ್ಥ. ಲ್ಯಾಟಿನ್ನಿನಲ್ಲಿ ಹುಟ್ಟಿ ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂದ ಈ ಪದ ಮೊದಲು ಹೆಸರಿಸಿದ್ದು ಹೊಲ ಉಳುವವನನ್ನು. ಉಳುವವನ ಹೆಸರು ಕೆಲವೇ ಶತಮಾನಗಳಲ್ಲಿ ಕೇಡಿಗನ ಹೆಸರಾಯಿತು. ಆ ಅವಧಿಯಲ್ಲಿ ಯೂರೋಪಿನ ರೈತರು ಮೊದಲಿಗಿಂತ ಕೆಟ್ಟವರಾದರು ಎನ್ನಲು ಯಾವ ಆಧಾರವೂ ಇಲ್ಲ. ಬದಲಾದದ್ದು ಕಾನೂನು ಅವರನ್ನು ನಿಲ್ಲಿಸಿದ ಜಾಗ. ಅವರ ಬಗ್ಗೆ ಬರೆದವರು ಭೂಮಾಲೀಕರ ಗುಮಾಸ್ತರು, ಮಠಗಳ ಸನ್ಯಾಸಿಗಳು, ಆಸ್ಥಾನದ ಕವಿಗಳು. ಪದದ ಅರ್ಥವನ್ನು ನಿರ್ಧರಿಸಿದವರೂ ಅವರೇ.

ಇಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಮುಖ್ಯವಾಗಿ ಮೂರು ಬಳಕೆಗಳಿವೆ. ನಿಜ ಬದುಕಿನಲ್ಲಿ ತಿಳಿದೂ ತಿಳಿದೂ ಕೇಡು ಮಾಡುವ ವ್ಯಕ್ತಿ ಒಂದು. ಕಥೆ, ನಾಟಕ, ಸಿನಿಮಾಗಳಲ್ಲಿ ನಾಯಕನಿಗೆ ಅಡ್ಡ ನಿಲ್ಲುವ ದುಷ್ಟ ಪಾತ್ರ ಇನ್ನೊಂದು. ಈಗ ಹೆಚ್ಚು ಕೇಳಿಬರುವುದು ಇದೇ. ಮೂರನೆಯದು ಲಾಕ್ಷಣಿಕ ಬಳಕೆ: ಕಾಯಿಲೆಗೆ ಕಾರಣವಾದ ಸಕ್ಕರೆ, ಬೆಲೆಯೇರಿಕೆಗೆ ಕಾರಣವಾದ ತೈಲ, ಪಂದ್ಯ ಕೆಡಿಸಿದ ಮಳೆ ಎಲ್ಲವೂ ವಿಲನ್ ಆಗಬಹುದು. ಬ್ರಿಟನ್ನಿನ ಪೊಲೀಸರ ಆಡುಮಾತಿನಲ್ಲಿ ಕಸುಬುದಾರ ಅಪರಾಧಿಗೂ ಇದೇ ಹೆಸರು. ಕಾಮಿಕ್ಸ್ ಲೋಕ ಸೂಪರ್‌ವಿಲನ್‌ನನ್ನು ಹುಟ್ಟಿಸಿದೆ. ಇಂಗ್ಲಿಷಿನ ಈವಿಲ್ ಕೇಡನ್ನು ಒಂದು ತತ್ತ್ವವಾಗಿ ಹೇಳಬಲ್ಲದು. ಸಿನ್ ದೇವರ ಎದುರಿನ ಪಾಪವನ್ನು ಹೇಳುತ್ತದೆ. ವಿಲನ್ ಎಂದಾಗ ಮಾತ್ರ ಒಬ್ಬ ಮನುಷ್ಯನ ಮುಖ ಕಣ್ಣ ಮುಂದೆ ಬರುತ್ತದೆ. ಹುಟ್ಟಿದಾಗಲೂ ಅದು ಮನುಷ್ಯನನ್ನೇ ಕರೆಯುವ ಪದವಾಗಿತ್ತು.

ವಿಲ್ಲಾದ ಮನುಷ್ಯ

ಲ್ಯಾಟಿನ್ನಿನ ವಿಲ್ಲಾ ಎಂದರೆ ಹೊಲ, ತೋಟ, ಕೊಟ್ಟಿಗೆ, ಆಳುಮನೆಗಳಿಂದ ಕೂಡಿದ ಹಳ್ಳಿಗಾಡಿನ ಜಮೀನುಮನೆ. ಅದಕ್ಕೆ ಸೇರಿದವನು ಮಧ್ಯಯುಗದ ಲ್ಯಾಟಿನ್ನಿನಲ್ಲಿ ವಿಲ್ಲಾನುಸ್. ಈ ಹೆಸರಿನಲ್ಲಿ ಹೊಗಳಿಕೆಯೂ ಇರಲಿಲ್ಲ, ತೆಗಳಿಕೆಯೂ ಇರಲಿಲ್ಲ. ಇಂಗ್ಲಿಷಿನ ವಿಲೇಜ್, ಫ್ರೆಂಚಿನಲ್ಲಿ ಪಟ್ಟಣವೆಂಬ ಅರ್ಥದ ವಿಲ್ ಎರಡೂ ಇದೇ ವಿಲ್ಲಾದ ಮಕ್ಕಳು. ಬೆಂಗಳೂರಿನ ಹೊರವಲಯದಲ್ಲಿ ಕಾಂಪೌಂಡು ಕಟ್ಟಿ ಮಾರುವ ವಿಲ್ಲಾಗಳ ಹೆಸರೂ ಅಲ್ಲಿಂದಲೇ ಬಂದದ್ದು. ಮನೆಯ ಹೆಸರು ಸಿರಿವಂತಿಕೆಯ ಗುರುತಾಗಿ ಉಳಿಯಿತು; ಆ ಮನೆಯ ಜಮೀನಿನಲ್ಲಿ ದುಡಿದವನ ಹೆಸರು ಬೈಗುಳವಾಯಿತು.

ಇನ್ನೂ ಹಿಂದೆ ಹೋದರೆ ವಿಲ್ಲಾ ಮತ್ತು ಲ್ಯಾಟಿನ್ನಿನ ವಿಕುಸ್ ಎಂಬ ಊರುವಾಚಕ ಎರಡನ್ನೂ ಭಾಷಾವಿಜ್ಞಾನಿಗಳು ಇಂಡೋ-ಯುರೋಪಿಯನ್ ಮೂಲದ ಒಂದೇ ಧಾತುವಿಗೆ ಜೋಡಿಸುತ್ತಾರೆ. ಮನೆತನ, ಕುಲ, ನೆಲೆ ಎಂಬುದು ಅದರ ಅರ್ಥ. ಗ್ರೀಕಿನಲ್ಲಿ ಮನೆ ಎಂಬ ಅರ್ಥದ ಒಯ್ಕೊಸ್ ಅದೇ ಧಾತುವಿನದು; ಎಕಾನಮಿ, ಇಕಾಲಜಿ ಎಂಬ ಪದಗಳು ಅದರಿಂದ ಹುಟ್ಟಿದವು. ಸಂಸ್ಕೃತದಲ್ಲಿ ಇದೇ ಬೇರು ವಿಶ್ ಎಂದು ಚಿಗುರಿತು. ನೆಲೆ, ಜನ, ಪ್ರಜೆ ಎಂದು ಅದರ ಅರ್ಥ. ವೈಶ್ಯ ಎಂಬ ಪದವೂ, ರಾಜನಿಗೆ ಹೇಳುವ ವಿಶಾಂಪತಿ ಎಂಬ ಸಂಬೋಧನೆಯೂ ಅಲ್ಲಿಂದ ಬಂದವು. ಹೀಗೆ ವಿಲನ್, ವೈಶ್ಯ, ಎಕಾನಮಿ ದೂರದ ದಾಯಾದಿಗಳು.

ದಾಖಲೆಯೊಳಗಿನ ರೈತ

ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ದೇಶದ ಭೂಮಿ, ಎತ್ತು, ನೇಗಿಲು, ಗಿರಣಿ, ಜನ ಎಲ್ಲವನ್ನೂ ಲೆಕ್ಕ ಹಾಕಿಸಿದ. 1086ರ ಆ ಲೆಕ್ಕವೇ ಡೂಮ್ಸ್‌ಡೇ ಪುಸ್ತಕ. ಅದರಲ್ಲಿ ದಾಖಲಾದ ಜನರ ಪೈಕಿ ಸುಮಾರು ಹತ್ತರಲ್ಲಿ ನಾಲ್ಕು ಪಾಲು ವಿಲ್ಲಾನಿಗಳು. ಯಾವ ಗುಂಪೂ ಇದಕ್ಕಿಂತ ದೊಡ್ಡದಿರಲಿಲ್ಲ. ಅವರು ಕಟ್ಟಕಡೆಯವರೂ ಆಗಿರಲಿಲ್ಲ. ತುಂಡು ಭೂಮಿಯ ಬಾರ್ಡರ್‌ಗಳು, ಗುಡಿಸಲಿನ ಕಾಟರ್‌ಗಳು, ಅವರಿಗಿಂತ ಕೆಳಗೆ ಗುಲಾಮರು ಇದ್ದರು. ಅನುಕೂಲವಿದ್ದ ವಿಲ್ಲಾನುಸ್‌ಗೆ ಸುಮಾರು 30 ಎಕರೆ ಅಥವಾ ಅದರ ಅರ್ಧದಷ್ಟು ಹಿಡುವಳಿ, ಊರಿನ ನೇಗಿಲಿಗೆ ಕಟ್ಟಲು ತನ್ನ ಪಾಲಿನ ಎತ್ತು ಇರುತ್ತಿದ್ದವು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅವನು ಊರಿನ ಒಕ್ಕಲು.

ಅವನ ಸ್ಥಿತಿ ಕೆಟ್ಟದ್ದು ಮುಂದಿನ ಒಂದೂವರೆ ಶತಮಾನದಲ್ಲಿ. 12ನೇ ಶತಮಾನದ ಕೊನೆಗೆ ರಾಜನ ನ್ಯಾಯಾಲಯಗಳು ಬಲಗೊಂಡು, ಸ್ವತಂತ್ರನಾದವನು ತನ್ನ ಭೂಮಿಗಾಗಿ ಅಲ್ಲಿ ದಾವೆ ಹೂಡಬಹುದು ಎಂದಾಯಿತು. ಹಾಗಾದರೆ ಸ್ವತಂತ್ರನಲ್ಲದವನು ಯಾರು? ಈ ಪ್ರಶ್ನೆಗೆ ವಕೀಲರು ಉತ್ತರ ಹುಡುಕಿದಂತೆ ವಿಲ್ಲಾನುಸ್ ಗೆರೆಯ ಆಚೆಗೆ ಬಿದ್ದ. ವಿಲೆನ್ ಎಂದು ಕರೆಸಿಕೊಂಡ ಅವನು ಒಡೆಯನ ಜಮೀನಿನಲ್ಲಿ ವಾರಕ್ಕೆ ಇಂತಿಷ್ಟು ದಿನ ಬಿಟ್ಟಿ ದುಡಿಯಬೇಕು. ಮಗಳ ಮದುವೆಗೆ ಒಡೆಯನಿಗೆ ಮೆರ್ಚೆಟ್ ಎಂಬ ಕಾಣಿಕೆ ಕೊಡಬೇಕು. ಅವನು ಸತ್ತರೆ ಕೊಟ್ಟಿಗೆಯ ಒಳ್ಳೆಯ ದನ ಹೆರಿಯಟ್ ಎಂಬ ಹೆಸರಿನಲ್ಲಿ ಒಡೆಯನ ಪಾಲು. ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಒಬ್ಬ ಸ್ವತಂತ್ರನೋ ಅಲ್ಲವೋ ಎಂಬ ವ್ಯಾಜ್ಯ ಬಂದಾಗ ಅವನ ಮನೆಯವರು ಮೆರ್ಚೆಟ್ ಕೊಟ್ಟಿದ್ದರೇ ಎಂದು ನೋಡುತ್ತಿದ್ದರು. ಅಜ್ಜಿಯ ಮದುವೆಗೆ ತೆತ್ತ ಹಣ ಮೊಮ್ಮಗನ ಬಿಡುಗಡೆಗೆ ಅಡ್ಡ ಬರುವುದು ಸಾಧ್ಯವಿತ್ತು. ಸನ್ನದು ಪಡೆದ ಪಟ್ಟಣವೊಂದರಲ್ಲಿ ಒಂದು ವರ್ಷ, ಒಂದು ದಿನ ಇದ್ದುಬಿಟ್ಟರೆ ಬಿಡುಗಡೆ ಸಿಗುತ್ತಿತ್ತು. 1215ರ ಮ್ಯಾಗ್ನಾ ಕಾರ್ಟಾ ತನ್ನ ಪ್ರಸಿದ್ಧ ರಕ್ಷಣೆಗಳನ್ನು ಸ್ವತಂತ್ರರಿಗೆ ಮೀಸಲಿಟ್ಟಿತು. ವಿಲೆನ್‌ಗೆ ಕೊಟ್ಟದ್ದು ಇಷ್ಟೆ: ದಂಡ ಹಾಕುವಾಗ ಅವನ ಬೇಸಾಯದ ಸಾಧನ ಕಿತ್ತುಕೊಳ್ಳಬಾರದು. ಉಳುವವನ ನೇಗಿಲು ಹೋದರೆ ಒಡೆಯನಿಗೂ ನಷ್ಟವೆಂಬ ಲೆಕ್ಕ ಅದರ ಹಿಂದಿತ್ತು.

ಒಡೆಯನೊಬ್ಬನನ್ನು ಬಿಟ್ಟು ಉಳಿದವರೆಲ್ಲರ ಎದುರು ವಿಲೆನ್ ಸ್ವತಂತ್ರ ಎಂಬುದು ಇಂಗ್ಲಿಷ್ ಕಾನೂನಿನ ವಿಶೇಷ. ಅವನು ಅಮೆರಿಕದ ತೋಟಗಳ ಗುಲಾಮನಂತೆ ಎಲ್ಲರೆದುರೂ ಬರಿಯ ಸ್ವತ್ತಾಗಿರಲಿಲ್ಲ. ಈ ವ್ಯತ್ಯಾಸ ಮುಂದೊಂದು ದಿನ ದೊಡ್ಡ ಕೆಲಸಕ್ಕೆ ಬಂತು.

ಒರಟನಿಂದ ನೀಚನವರೆಗೆ

ಇಂಗ್ಲೆಂಡಿನ ವಕೀಲರು ಗೆರೆ ಎಳೆಯುತ್ತಿದ್ದ ಕಾಲದಲ್ಲೇ ಫ್ರಾನ್ಸಿನ ಕವಿಗಳು ಇನ್ನೊಂದು ಗೆರೆ ಎಳೆದರು. ಆಸ್ಥಾನದ ನಯವಿನಯ ಬಲ್ಲವನು ಕೂರ್ತ್ವಾ, ಅದಿಲ್ಲದವನು ವಿಲ್ಯಾನ್. ಒರಟ, ಕುರೂಪಿ, ಜಿಪುಣ, ಕೊಳಕ ಎಂಬ ಅರ್ಥಗಳೆಲ್ಲ ಆ ಪದದ ಮೇಲೆ ಪದರ ಪದರವಾಗಿ ಕೂತವು. ಬೆಲೆಯಿಲ್ಲದ್ದು, ಅಗ್ಗದ್ದು ಎಂಬ ಅರ್ಥದ ವಿಲ್ ಎಂಬ ವಿಶೇಷಣ ಲ್ಯಾಟಿನ್ನಿನ ವಿಲಿಸ್‌ನಿಂದ ಬಂದದ್ದು. ಇಂಗ್ಲಿಷಿನ ವೈಲ್ ಅದೇ. ವಿಲ್ಲಾಕ್ಕೂ ಅದಕ್ಕೂ ನೆಂಟಸ್ತನವಿಲ್ಲ. ಆದರೆ ಕಿವಿಗೆ ಒಂದೇ ತೆರನಾಗಿ ಬಿದ್ದ ಕಾರಣ ಜನ ಎರಡನ್ನೂ ಬೆಸೆದರು, ರೈತನ ಹೆಸರಿಗೆ ನೀಚತನದ ವಾಸನೆ ಹತ್ತಿತು. ಇಂದಿನ ಫ್ರೆಂಚಿನಲ್ಲೂ ವಿಲ್ಯಾನ್ ಎಂದರೆ ಕೆಟ್ಟ, ಅಸಹ್ಯ. ತುಂಟ ಮಗುವನ್ನು ಗದರಿಸಲೂ ಅದನ್ನೇ ಬಳಸುತ್ತಾರೆ.

12ನೇ ಶತಮಾನದ ಉತ್ತರಾರ್ಧದಲ್ಲಿ ಆಂದ್ರೇಯಾಸ್ ಕಾಪೆಲ್ಲಾನುಸ್ ಬರೆದ ಪ್ರೇಮಶಾಸ್ತ್ರದ ಲ್ಯಾಟಿನ್ ಗ್ರಂಥ ಈ ತಿರಸ್ಕಾರದ ತುದಿ. ರೈತರಿಗೆ ಪ್ರೇಮವೆಂಬುದು ದಕ್ಕುವುದಿಲ್ಲ, ಅವರು ಕುದುರೆ, ಹೇಸರಗತ್ತೆಗಳಂತೆ ಸಹಜಪ್ರವೃತ್ತಿಗೆ ಒಳಗಾದವರು ಎನ್ನುತ್ತಾನೆ ಆತ. ರೈತ ಹೆಣ್ಣಿನ ವಿಷಯದಲ್ಲಿ ಬಲಾತ್ಕಾರಕ್ಕೆ ಹಿಂಜರಿಯಬೇಕಿಲ್ಲ ಎಂಬ ಸಲಹೆಯೂ ಅಲ್ಲಿದೆ. ಆ ಕೃತಿಯನ್ನು ವಿಡಂಬನೆಯೆಂದು ಓದುವ ವಿದ್ವಾಂಸರಿದ್ದಾರೆ. ವಿಡಂಬನೆಯಾದರೂ, ಅದನ್ನು ಕೇಳಿ ನಕ್ಕಿರಬಹುದಾದ ಸಭೆಯಲ್ಲಿ ಆ ಹೆಣ್ಣುಮಕ್ಕಳು ಯಾರೂ ಇರಲಿಲ್ಲ.

ಎದುರು ದನಿಯೂ ಇತ್ತು. ರೈತನ ಬಾಯಿಗೆ ಗಾದೆಗಳನ್ನು ಕೊಟ್ಟು, ಅವನ ವಿವೇಕವೆಂದು ಸಾರುವ ಸಂಗ್ರಹವೊಂದು 12ನೇ ಶತಮಾನದಲ್ಲೇ ಹುಟ್ಟಿತು. ಫಾಬ್ಲಿಯೋ ಎಂಬ ಹಾಸ್ಯಕಥನಗಳಲ್ಲಿ ವಾದ ಮಾಡಿ ಸ್ವರ್ಗ ಗೆದ್ದ ವಿಲ್ಯಾನ್‌ನ ಕಥೆಯಿದೆ. ಸತ್ತ ರೈತನ ಆತ್ಮವನ್ನು ಕರೆದೊಯ್ಯಲು ದೇವದೂತರೂ ಬರುವುದಿಲ್ಲ, ಸೈತಾನನೂ ಬರುವುದಿಲ್ಲ. ಬೇರೊಂದು ಆತ್ಮದ ಬೆನ್ನು ಹಿಡಿದು ಅದು ಸ್ವರ್ಗದ ಬಾಗಿಲಿಗೆ ಬರುತ್ತದೆ. ಇಲ್ಲಿ ವಿಲ್ಯಾನ್‌ಗಳಿಗೆ ಜಾಗವಿಲ್ಲ ಎಂದ ಸಂತ ಪೇತ್ರನಿಗೆ ಅವನು ಯೇಸುವನ್ನು ಮೂರು ಸಲ ಅಲ್ಲಗಳೆದದ್ದನ್ನು ನೆನಪಿಸುತ್ತದೆ. ತೋಮನಿಗೆ ಅವನ ಸಂಶಯವನ್ನು, ಪೌಲನಿಗೆ ಸ್ತೆಫನನ ಮೇಲೆ ಕಲ್ಲು ಬಿದ್ದಾಗ ಅವನು ಯಾರ ಕಡೆಗಿದ್ದನೆಂಬುದನ್ನು. ಕೊನೆಗೆ ದೇವರೇ ಅವನ ವಾದಕ್ಕೆ ತಲೆದೂಗಿ ಇರಗೊಡುತ್ತಾನೆ. ವೈದ್ಯನಾಗಬೇಕಾಗಿ ಬಂದ ವಿಲ್ಯಾನ್‌ನ ಇನ್ನೊಂದು ಫಾಬ್ಲಿಯೋದ ಕಥೆಯನ್ನು ಮೋಲಿಯೇರ್ 1666ರ ತನ್ನ ಪ್ರಹಸನದಲ್ಲಿ ಮರಳಿ ಬಳಸಿದ. ಇಟಲಿಯಲ್ಲಿ ಹಳ್ಳಿಗರ ಹಾಡಿನ ಹೆಸರಾದ ವಿಲನೆಲ್ಲಾದಿಂದ, ಸಾಲುಗಳು ಮರಳಿ ಮರಳಿ ಬರುವ ವಿಲನೆಲ್ ಎಂಬ ಹತ್ತೊಂಬತ್ತು ಸಾಲಿನ ಪದ್ಯಬಂಧ ರೂಪುಗೊಂಡಿತು. ಅದನ್ನು ಬರೆಯುವ ಇಂದಿನ ಕವಿಗಳು ಹಿಡಿದಿರುವುದೂ ಅದೇ ರೈತನ ಹೆಸರನ್ನು.

ಬೀಸುಕಲ್ಲಿನ ಚೂರು

ಪದ ಇಂಗ್ಲಿಷ್ ಬರಹದಲ್ಲಿ ಕಾಣುವುದು ಸುಮಾರು 1300ರಿಂದ. ಹುಟ್ಟಿನಲ್ಲಿ ಕೀಳಾದ ಹಳ್ಳಿಗ ಎಂಬ ಅರ್ಥದಲ್ಲಿ. 1348–49ರ ಪ್ಲೇಗು ಇಂಗ್ಲೆಂಡಿನ ಜನರಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಮಂದಿಯನ್ನು ಕೊಂದಿತು. ದುಡಿಯುವ ಕೈಗಳಿಗೆ ಬೆಲೆ ಬಂತು. ಕೂಲಿ ಏರದಂತೆ ತಡೆಯಲು ಪಾರ್ಲಿಮೆಂಟು 1351ರಲ್ಲಿ ಕಾನೂನು ತಂದಿತು. 1377ರಲ್ಲಿ ದಕ್ಷಿಣ ಇಂಗ್ಲೆಂಡಿನ ಹಲವು ಹಳ್ಳಿಗಳವರು ಹಣ ಕೂಡಿಸಿ ಡೂಮ್ಸ್‌ಡೇ ಪುಸ್ತಕದಿಂದ ತಮ್ಮೂರಿನ ನಕಲು ತೆಗೆಸಿದರು. ಹಳೆಯ ದಾಖಲೆಯ ಪ್ರಕಾರ ತಾವು ಬಿಟ್ಟಿ ದುಡಿಯಬೇಕಿಲ್ಲ ಎಂದು ವಾದಿಸಿದರು. ತಮ್ಮನ್ನು ವಿಲ್ಲಾನಿಗಳೆಂದು ಬರೆದಿದ್ದ ಪುಸ್ತಕವನ್ನೇ ಅವರು ಸಾಕ್ಷಿಗೆ ಕರೆದಿದ್ದರು. ಪಾರ್ಲಿಮೆಂಟು ಇದನ್ನು ಅಪಾಯವೆಂದು ಕಂಡಿತು.

1381ರ ಜೂನಿನಲ್ಲಿ ದಂಗೆ ಎದ್ದಿತು. ತಲೆಗಂದಾಯದ ವಿರುದ್ಧ ಎದ್ದ ಎಸೆಕ್ಸ್, ಕೆಂಟ್‌ಗಳ ಜನ ಲಂಡನ್ನಿಗೆ ನುಗ್ಗಿದರು. 14 ವರ್ಷದ ದೊರೆ ಎರಡನೆಯ ರಿಚರ್ಡ್ ಜೂನ್ 14ರಂದು ಮೈಲ್ ಎಂಡಿನಲ್ಲಿ ಅವರನ್ನು ಕಂಡು ವಿಲೆನ್ ಪದ್ಧತಿಯನ್ನು ರದ್ದು ಮಾಡುವುದಾಗಿ ಸನ್ನದು ಬರೆಸಿಕೊಟ್ಟ. ಮರುದಿನ ಸ್ಮಿತ್‌ಫೀಲ್ಡಿನಲ್ಲಿ ದಂಗೆಯ ನಾಯಕ ವ್ಯಾಟ್ ಟೈಲರ್‌ನನ್ನು ಕೊಂದರು. ಕೆಲವೇ ವಾರಗಳಲ್ಲಿ ಸನ್ನದು ರದ್ದಾಯಿತು. ಸಮಾನತೆಯನ್ನು ಸಾರಿದ ಪಾದ್ರಿ ಜಾನ್ ಬಾಲ್‌ನನ್ನು ಜುಲೈಯಲ್ಲಿ ಸೇಂಟ್ ಆಲ್ಬನ್ಸಿನಲ್ಲಿ ಗಲ್ಲಿಗೇರಿಸಿದರು.

ಆ ಸೇಂಟ್ ಆಲ್ಬನ್ಸಿನಲ್ಲೇ ನಡೆದ ಒಂದು ಘಟನೆ ಈ ಪದದ ಚರಿತ್ರೆಯಲ್ಲಿ ಮರೆಯಬಾರದ್ದು. ಅಲ್ಲಿನ ಮಠ ಒಕ್ಕಲುಗಳು ಮನೆಯಲ್ಲಿ ಹಿಟ್ಟು ಬೀಸಬಾರದು, ಮಠದ ಗಿರಣಿಗೇ ತರಬೇಕು ಎಂದು ಕಟ್ಟಳೆ ಮಾಡಿತ್ತು. ಹಿಂದಿನ ಮಠಾಧಿಪತಿಯೊಬ್ಬ ಮನೆಮನೆಯ ಬೀಸುಕಲ್ಲುಗಳನ್ನು ಕಿತ್ತು ತಂದು ಮಠದ ಕೋಣೆಯೊಂದರ ನೆಲಕ್ಕೆ ಹಾಸಿಸಿದ್ದ. 1381ರಲ್ಲಿ ಜನ ಆ ನೆಲವನ್ನು ಅಗೆದರು, ಕಲ್ಲುಗಳನ್ನು ಒಡೆದು, ಇಗರ್ಜಿಯ ಪವಿತ್ರ ರೊಟ್ಟಿಯಂತೆ ಚೂರು ಚೂರಾಗಿ ಹಂಚಿಕೊಂಡರು. ಇದನ್ನು ಬರೆದಿಟ್ಟವನು ತಾಮಸ್ ವಾಲ್ಸಿಂಗಮ್, ಅದೇ ಮಠದ ಸನ್ಯಾಸಿ. ಅವನ ಲೇಖನಿಯಲ್ಲಿ ದಂಗೆಕೋರರು ಸೊಕ್ಕಿದ ಹಳ್ಳಿಗರು. ಅವನು ಬೈಯಲೆಂದು ಬರೆದದ್ದರಿಂದಲೇ ಆ ಚೂರುಗಳ ಸುದ್ದಿ ನಮಗೆ ಸಿಕ್ಕಿದೆ.

ಅದೇ ದಶಕಗಳಲ್ಲಿ ಕವಿ ಚಾಸರ್ ಲಂಡನ್ನಿನ ಆಲ್ಡ್‌ಗೇಟ್ ಕೋಟೆಬಾಗಿಲ ಮೇಲಿನ ಮನೆಯಲ್ಲಿದ್ದ. ಬಾತ್ ಊರಿನ ಹೆಂಗಸು ಹೇಳುವ ಕಥೆಯಲ್ಲಿ ಅವನು ಹಿರಿಮೆ ಹುಟ್ಟಿನಿಂದಲ್ಲ, ನಡತೆಯಿಂದ ಎಂದು ಮುದುಕಿಯೊಬ್ಬಳ ಬಾಯಲ್ಲಿ ದೀರ್ಘವಾಗಿ ಹೇಳಿಸುತ್ತಾನೆ. ಮಾತು ಉದಾರವಾದದ್ದು. ಆದರೂ ಕೆಟ್ಟ ನಡತೆಗೆ ಅಲ್ಲಿ ಬಳಕೆಯಾಗುವ ಹೆಸರು ರೈತನದೇ: ದೊರೆಮಗನೂ ವಿಲನಿ ಮಾಡಿದರೆ ಒರಟ ಹಳ್ಳಿಗನಾಗುತ್ತಾನೆ. ಹುಟ್ಟಿನ ಹೆಮ್ಮೆಯನ್ನು ಪ್ರಶ್ನಿಸಿದ ಮಾತು ಕೂಡ ಹುಟ್ಟಿನ ಬೈಗುಳದಿಂದ ಬಿಡಿಸಿಕೊಳ್ಳಲಾಗಲಿಲ್ಲ.

ಕಾಗದದ ಮೇಲೆ ವಿಲೆನ್ ಪದ್ಧತಿಯನ್ನು ಯಾರೂ ಒಂದೇ ಏಟಿಗೆ ರದ್ದು ಮಾಡಲಿಲ್ಲ. ಹಿಡುವಳಿಗಳು ನ್ಯಾಯಾಲಯದ ದಾಖಲೆಯ ನಕಲಿನ ಆಧಾರದ ಕಾಪಿಹೋಲ್ಡ್‌ಗಳಾಗಿ ಬದಲಾಗುತ್ತ ಬಂದು ಅದು ಸವೆದುಹೋಯಿತು. 1574ರಲ್ಲಿ ಮೊದಲನೆಯ ಎಲಿಜಬೆತ್ ರಾಣಿ ತನ್ನ ಜಮೀನುಗಳಲ್ಲಿ ಉಳಿದಿದ್ದ ಜೀತಸ್ಥರನ್ನು ಬಿಡುಗಡೆ ಮಾಡಲು ಆಯೋಗ ನೇಮಿಸಿದಳು. ಆ ಬಿಡುಗಡೆಗೂ ಹಣ ತೆರಬೇಕಿತ್ತು. ಕೊನೆಯದೆಂದು ಸಾಮಾನ್ಯವಾಗಿ ಉಲ್ಲೇಖವಾಗುವ ಮೊಕದ್ದಮೆ 1618ರದು. 1772ರಲ್ಲಿ ಆ ಸತ್ತ ಕಾನೂನು ಇದ್ದಕ್ಕಿದ್ದಂತೆ ಮತ್ತೆ ಮಾತಾಡಿತು. ಅಮೆರಿಕದಿಂದ ಇಂಗ್ಲೆಂಡಿಗೆ ಕರೆತಂದಿದ್ದ ಗುಲಾಮ ಜೇಮ್ಸ್ ಸಾಮರ್ಸೆಟ್ ತಪ್ಪಿಸಿಕೊಂಡು ಸಿಕ್ಕಿಬಿದ್ದು, ಜಮೈಕಾಕ್ಕೆ ಸಾಗಿಸಲೆಂದು ಹಡಗಿನಲ್ಲಿ ಬಂಧಿಯಾಗಿದ್ದ. ಅವನ ಪರ ವಾದಿಸಿದ ಫ್ರಾನ್ಸಿಸ್ ಹಾರ್‌ಗ್ರೇವ್ ವಿಲೆನ್ ಪದ್ಧತಿಯ ಚರಿತ್ರೆಯನ್ನು ಬಿಚ್ಚಿಟ್ಟ. ಇಂಗ್ಲಿಷ್ ಕಾನೂನು ಬಲ್ಲ ದಾಸ್ಯ ಅದೊಂದೇ. ಅದರ ನಿಯಮಗಳು ಎಷ್ಟು ಬಿಗಿಯೆಂದರೆ ಅವು ಹೊಸ ದಾಸ್ಯವನ್ನು ಒಳಬಿಡುವುದಿಲ್ಲ. ಅದೂ ಅಳಿದುಹೋಗಿದೆ ಎಂಬುದು ಅವನ ವಾದ. ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್ ಸಾಮರ್ಸೆಟ್‌ನನ್ನು ಬಿಡುಗಡೆ ಮಾಡಿದ. ಉಳುವವನನ್ನು ಕಟ್ಟಿಹಾಕಲು ಹೊಸೆದ ಕಾನೂನು ಇನ್ನೊಬ್ಬನ ಸಂಕೋಲೆ ಕಳಚಲು ನೆರವಾಯಿತು.

ರಂಗದ ಮೇಲೆ

ನಿಜವಾದ ವಿಲೆನ್‌ಗಳು ಕಾಣೆಯಾಗುತ್ತ ಬಂದಂತೆ ಬೈಗುಳ ಸ್ವತಂತ್ರವಾಯಿತು. ಷೇಕ್ಸ್‌ಪಿಯರನ ಹೊತ್ತಿಗೆ ಎರಡು ಅರ್ಥವೂ ಒಟ್ಟಿಗೇ ಕೇಳಿಸುತ್ತಿದ್ದವು. ಆಸ್ ಯು ಲೈಕ್ ಇಟ್ ನಾಟಕದ ಮೊದಲ ದೃಶ್ಯದಲ್ಲಿ ಅಣ್ಣ ಆಲಿವರ್ ತಮ್ಮನನ್ನು ವಿಲನ್ ಎಂದು ಬೈಯುತ್ತಾನೆ. ತಮ್ಮ ಆರ್ಲಾಂಡೊ ಅದನ್ನು ಕುಲದ ಮಾತಾಗಿ ತೆಗೆದುಕೊಂಡು, ತಾನು ಕುಲೀನನ ಮಗನೆಂದು ಉತ್ತರಿಸುತ್ತಾನೆ. ಟ್ವೆಲ್ಫ್ತ್ ನೈಟ್‌ನಲ್ಲಿ ಅದೇ ಪದ ಜಾಣೆ ಮರಿಯಾಳ ಮೇಲಿನ ಅಕ್ಕರೆಯ ಕರೆಯಾಗುತ್ತದೆ. ಮೂರನೆಯ ರಿಚರ್ಡ್, ಮಚ್ ಅಡೂ ನಾಟಕದ ಡಾನ್ ಜಾನ್ ಮಾತ್ರ ತಮ್ಮನ್ನು ತಾವೇ ವಿಲನ್ ಎಂದು ಘೋಷಿಸಿಕೊಳ್ಳುತ್ತಾರೆ. ಇಬ್ಬರೂ ರಾಜವಂಶದವರು. ರೈತನ ಹೆಸರು ಇಲ್ಲಿ ರೈತನನ್ನು ಪೂರ್ತಿ ಬಿಟ್ಟು ಬಂದಿದೆ.

1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ಮೊದಲ ಫೋಲಿಯೋದಲ್ಲಿ ಒಥೆಲೊ ನಾಟಕಕ್ಕೆ ಪಾತ್ರಪಟ್ಟಿಯಿದೆ. ಅಲ್ಲಿ ಇಯಾಗೊನ ಹೆಸರಿನ ಮುಂದೆ ವಿಲನ್ ಎಂದೇ ಬರೆದಿದೆ. ಪದ ಸೈನಿಕನ ಹುದ್ದೆಯನ್ನು ಬಿಟ್ಟು ಪಾತ್ರದ ಸ್ವಭಾವವನ್ನು ಹೇಳುತ್ತಿದೆ; ನಾಟಕದಲ್ಲಿ ವಿಲನ್ ಎಂಬುದೊಂದು ಸ್ಥಾನ ಎಂಬ ಇಂದಿನ ತಿಳಿವಳಿಕೆಗೆ ಇದು ಹತ್ತಿರದ ಮುನ್ಸೂಚನೆ. ಆ ಅರ್ಥ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಫ್ರೆಂಚ್ ನಾಟಕವೊಂದನ್ನು ಆಧರಿಸಿ ತಾಮಸ್ ಹಾಲ್‌ಕ್ರಾಫ್ಟ್ 1802ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಆಡಿಸಿದ ನಾಟಕದಿಂದ ಇಂಗ್ಲಿಷ್ ಮೆಲೊಡ್ರಾಮಾದ ಯುಗ ಮೊದಲಾಯಿತು. ನಾಯಕ, ನಾಯಕಿ, ವಿಲನ್ ಎಂಬ ಮೂವರು ಖಾಯಂ ಆದರು. 1928ರಲ್ಲಿ ರಷ್ಯಾದ ವ್ಲಾದಿಮಿರ್ ಪ್ರಾಪ್ ಮಾಯಾಕಥೆಗಳ ರಚನೆಯನ್ನು ವಿಶ್ಲೇಷಿಸಿ ಏಳು ಪಾತ್ರಸ್ಥಾನಗಳನ್ನು ಗುರುತಿಸಿದಾಗ, ಕೇಡು ಮಾಡುವವನ ಸ್ಥಾನವನ್ನು ಇಂಗ್ಲಿಷ್ ಅನುವಾದ ವಿಲನ್ ಎಂದೇ ಕರೆಯಿತು. ಬರಹದಲ್ಲಿ ಮಧ್ಯಯುಗದ ರೈತನಿಗೆ ಬೇರೆ ಕಾಗುಣಿತ, ದುಷ್ಟನಿಗೆ ಬೇರೆ ಕಾಗುಣಿತ ಎಂಬ ಏರ್ಪಾಟೂ ಈಚಿನದು.

ಇಂಗ್ಲಿಷಿನಲ್ಲಿ ಈ ಪದ ಒಂಟಿಯಲ್ಲ. ಚರ್ಲ್ ಹಿಂದೆ ಸಾಮಾನ್ಯ ಸ್ವತಂತ್ರ ರೈತ, ಈಗ ಒರಟ. ಬೂರ್ ಎಂದರೂ ಬೇಸಾಯಗಾರನೇ. ನೇವ್ ಹುಡುಗನಾಗಿದ್ದು ಆಳಾಗಿ, ವಂಚಕನಾದ. ಅತ್ತ ನೋಬಲ್, ಜೆಂಟಲ್, ಜೆನರಸ್ ಎಂಬ ಕುಲಸೂಚಕಗಳು ಸದ್ಗುಣಗಳಾದವು. ಸ್ಥಾನಮಾನದ ಪದಗಳು ನೀತಿಯ ಪದಗಳಾಗುವ ಈ ಪ್ರಕ್ರಿಯೆಯನ್ನು ಸಿ. ಎಸ್. ಲೂಯಿಸ್ 1960ರ ತನ್ನ ಪದಾಧ್ಯಯನದಲ್ಲಿ ಗುರುತಿಸಿ ಹೆಸರಿಟ್ಟ. ಅದಕ್ಕೂ ಮೊದಲು, 1887ರಲ್ಲಿ, ಜರ್ಮನಿನಲ್ಲಿ ಕೆಟ್ಟದ್ದು ಎಂಬ ಪದ ಸರಳ, ಸಾಮಾನ್ಯ ಎಂಬ ಪದದ ಸೋದರನೆಂದು ನೀಟ್ಷೆ ತೋರಿಸಿದ್ದ. ನೀಟ್ಷೆ ಇದನ್ನು ಕುಲೀನರ ಕಣ್ಣಿನಿಂದ ಕಂಡ. ಉಳುವವನ ಕಡೆಯಿಂದ ನೋಡಿದರೆ ಅದು ಹೆಸರಿನ ಒತ್ತುವರಿ.

ಕನ್ನಡದಲ್ಲಿ

ಈ ಒತ್ತುವರಿ ನಮ್ಮ ನುಡಿಗೂ ಹೊಸದಲ್ಲ. ನಗರದಿಂದ ನಾಗರಿಕ ಬಂತು. ಗ್ರಾಮದಿಂದ ಬಂದ ಗ್ರಾಮ್ಯವನ್ನು ದಂಡಿ ಕಾವ್ಯಾದರ್ಶದಲ್ಲಿ ಮಾಧುರ್ಯಕ್ಕೆ ವಿರುದ್ಧವಾದ ದೋಷವೆಂದ. ಹೊಲಗದ್ದೆಯವರನ್ನೂ ಹೇಳುತ್ತಿದ್ದ ಪಾಮರ ಪದ ಪಂಡಿತನ ಎದುರುಪದವಾಗಿ, ತಿಳಿಗೇಡಿ ಎಂಬ ಅರ್ಥಕ್ಕೆ ಬಂದು ನಿಂತಿತು. ಇವು ಅಪರಾಧದ ಹೆಸರಾಗುವಷ್ಟು ದೂರ ಹೋಗಲಿಲ್ಲ. ಹೊರಟ ದಿಕ್ಕು ಮಾತ್ರ ಒಂದೇ.

ವಿಲನ್ ಎಂಬ ಇಂಗ್ಲಿಷ್ ಪದ ಕನ್ನಡಕ್ಕೆ ಒಗ್ಗಿದ್ದು ಮುಖ್ಯವಾಗಿ ಸಿನಿಮಾದಿಂದ. ಖಳ, ಖಳನಾಯಕ, ದುರುಳ ಇದ್ದರೂ ಗಾಂಧಿನಗರದಿಂದ ಹಳ್ಳಿಯ ಟೆಂಟಿನವರೆಗೆ ಜನ ಹಿಡಿದದ್ದು ವಿಲನ್ ಎಂಬುದನ್ನೇ. ವಿಲನ್ ರೋಲ್, ಲೇಡಿ ವಿಲನ್ ಈಗ ಕನ್ನಡದ ಮಾತುಗಳು. ಪಂದ್ಯ ಕೆಡಿಸಿದ ಮಳೆಯನ್ನು ಪತ್ರಿಕೆಗಳೂ ವಿಲನ್ ಎನ್ನುತ್ತವೆ. ತೂಗುದೀಪ ಶ್ರೀನಿವಾಸ್, ಸುಂದರಕೃಷ್ಣ ಅರಸ್, ಟೈಗರ್ ಪ್ರಭಾಕರ್ ಮೊದಲಾದವರು ಆ ಸ್ಥಾನಕ್ಕೆ ಮರ್ಯಾದೆ ತಂದರು. ಎಲ್ಲರಿಗಿಂತ ಎತ್ತರದಲ್ಲಿ ನಿಲ್ಲುವವರು ನಟಭೈರವ ವಜ್ರಮುನಿ. 1974ರ ಸಂಪತ್ತಿಗೆ ಸವಾಲ್ ಚಿತ್ರದ ಸಾಹುಕಾರ್ ಸಿದ್ದಪ್ಪನ ಪಾತ್ರ ಅವರ ಹೆಸರಿಗೆ ಅಂಟಿಕೊಂಡಿತು. ಹಣ, ಅಂತಸ್ತುಗಳ ದರ್ಪದ ಸಾಹುಕಾರ ಅಲ್ಲಿ ವಿಲನ್. ಎಮ್ಮೆಯ ಮೇಲೆ ಕೂತು ಹಾಡುವ ಹಳ್ಳಿಯ ಭದ್ರ, ಅಂದರೆ ರಾಜಕುಮಾರ್, ನಾಯಕ. ಆ ದಶಕದ ಮತ್ತು ಮುಂದಿನ ಎಷ್ಟೋ ಕನ್ನಡ ಚಿತ್ರಗಳಲ್ಲಿ ಗೌಡ, ಸಾಹುಕಾರ, ಜಮೀನ್ದಾರ ಈ ಸ್ಥಾನದಲ್ಲಿ ಕೂತರು. ಅದೇ 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಗೇಣಿ ಭೂಮಿ ಸರ್ಕಾರದ ವಶವಾಗಿ, ಅದನ್ನು ಉಳುತ್ತಿದ್ದವರು ನ್ಯಾಯಮಂಡಳಿಗಳ ಮುಂದೆ ಒಡೆತನಕ್ಕೆ ಅರ್ಜಿ ಹಾಕಿದರು.